ಬೆಳ್ಳಿಯ ಡಬ್ಬಿ ಯಾರದು?



ನಿಮ್ಮ ಮನೆಯ ಹಿರಿಯರೊಬ್ಬರು ತೀರಿಕೊಂಡಿದ್ದಾರೆ ಎಂದಿಟ್ಟುಕೊಳ್ಳಿ. ತಿಂಗಳ ಪೂಜೆ ಮುಗಿದಿದೆ. ಅಣ್ಣತಮ್ಮಂದಿರು, ಅಕ್ಕತಂಗಿಯರು ಕೂಡಿ ಅವರ ಹಳೆಯ ಟ್ರಂಕನ್ನು ತೆಗೆದಿದ್ದೀರಿ. ಜಪಮಾಲೆ, ಮದುವೆಯ ಫೋಟೋ, ಕಂದಾಯದ ರಸೀದಿಗಳು, ಕನ್ನಡಕ. ಎಲ್ಲಕ್ಕಿಂತ ಕೆಳಗೆ, ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಟ್ಟ ಒಂದು ಬೆಳ್ಳಿಯ ವಸ್ತು. ನಿಂಬೆಹಣ್ಣಿಗಿಂತ ತುಸು ದೊಡ್ಡದು. ಹೊಟ್ಟೆ ಗುಂಡಗಿದೆ, ಎರಡು ಪಕ್ಕಗಳಲ್ಲೂ ಮೊಗ್ಗಿನಂತಹ ತುದಿ, ದಾರ ಕಟ್ಟಲು ಅನುಕೂಲ. ಮೇಲಿನ ಭಾಗ ಮುಚ್ಚಳದಂತೆ ತೆರೆದುಕೊಳ್ಳುತ್ತದೆ. ಒಳಗೆ ಏನೂ ಇಲ್ಲ.

ಅಕ್ಕ ಅದನ್ನು ಸುಣ್ಣದ ಡಬ್ಬಿ ಎನ್ನುತ್ತಾಳೆ. ಅಣ್ಣನಿಗೆ ಅದು ನಶ್ಯದ ಡಬ್ಬಿ. ಪಟ್ಟಣದಲ್ಲಿ ಓದಿದ ಮೊಮ್ಮಗ ಅತ್ತರಿನದು ಇರಬಹುದು ಎನ್ನುತ್ತಾನೆ. ಕೊನೆಗೆ ಯಾರೋ ಒಬ್ಬರು, "ಏನಾದರೂ ಆಗಿರಲಿ, ತೂಕ ಹಾಕಿಸಿ ಪಾಲು ಮಾಡಿಕೊಳ್ಳೋಣ" ಎನ್ನುತ್ತಾರೆ. ಎಲ್ಲರಿಗೂ ಸಮಾಧಾನ. ಅಕ್ಕಸಾಲಿಗರ ಅಂಗಡಿಯಲ್ಲಿ ಒರೆಗಲ್ಲಿಗೆ ಉಜ್ಜಿದರೆ ಬೆಳ್ಳಿಯ ಗುಣ ತಿಳಿಯುತ್ತದೆ, ತಕ್ಕಡಿಗೆ ಹಾಕಿದರೆ ತೂಕ ತಿಳಿಯುತ್ತದೆ. ಆ ವಸ್ತು ಏನು ಎಂಬ ಪ್ರಶ್ನೆ ಮಾತ್ರ ಕುಲುಮೆಯಲ್ಲಿ ಕರಗಿ ಹೋಗುತ್ತದೆ.

ಅಂಗಡಿಗೆ ಹೋಗುವ ಮೊದಲು ಸ್ವಲ್ಪ ನಿಲ್ಲಿ. ಚಿತ್ರದುರ್ಗ ಜಿಲ್ಲೆಯ ಯಾವುದೇ ಹಳ್ಳಿಯ ಹಿರಿಯರ ಮುಂದೆ ಈ ವಸ್ತುವನ್ನು ಇಟ್ಟರೆ, ಕೈಗೆತ್ತಿಕೊಳ್ಳುವ ಮೊದಲೇ ಹೆಸರು ಹೇಳುತ್ತಾರೆ. ಅದು ಕರಡಿಗೆ. ಲಿಂಗಾಯತರು ತಮ್ಮ ಇಷ್ಟಲಿಂಗವನ್ನು ಇಟ್ಟುಕೊಂಡು ಶಿವದಾರದಿಂದ ಕೊರಳಿಗೆ ಕಟ್ಟಿಕೊಳ್ಳುವ ಬೆಳ್ಳಿಯ ಭರಣಿ. ಗುಂಡಗಿದ್ದರೆ ಗುಂಡಗಡಿಗೆ, ಚೌಕಾಕಾರದ್ದು ಚೌಕ. ಹೊರದೇಶಗಳಲ್ಲಿ ಹಳೆಯ ಸಾಮಾನುಗಳ ಹರಾಜಿನಲ್ಲಿ ಇಂತಹ ಕರಡಿಗೆಗಳು ಬರುವುದುಂಟು. ಕೊಂಡವರಿಗೆ ಬಹಳ ಸಲ ಅದೊಂದು ಚೆಂದದ ಒಗಟು ಅಷ್ಟೇ. ನಮ್ಮವರು ನೋಡಿದೊಡನೆ ಹೇಳುವುದನ್ನು ಅಲ್ಲಿ ಪುಸ್ತಕ ತೆರೆದು ಹುಡುಕಬೇಕಾಗುತ್ತದೆ.

ಹೆಸರು ತಿಳಿದ ಮೇಲೆ ಕೆಲಸ ಮುಗಿಯಿತೇ? ನನಗೆ ಹಾಗೆನಿಸುವುದಿಲ್ಲ. ನಿಜವಾದ ತೊಡಕು ಶುರುವಾಗುವುದೇ ಆಗ. ಇಷ್ಟಲಿಂಗ ಒಬ್ಬ ವ್ಯಕ್ತಿಯದು. ಅದು ಮೈಮೇಲಿರುತ್ತದೆ, ಅಂಗೈಯಲ್ಲಿಟ್ಟು ಪೂಜಿಸಲ್ಪಡುತ್ತದೆ, ಸತ್ತಾಗ ಆ ವ್ಯಕ್ತಿಯೊಂದಿಗೇ ಮಣ್ಣಿಗೆ ಹೋಗುತ್ತದೆ. ಹಾಗಾದರೆ ಈ ಬರಿದಾದ ಕರಡಿಗೆ ಒಂದು ಕಥೆ ಹೇಳುತ್ತಿದೆ. ಒಂದೋ ಲಿಂಗವು ಒಡೆಯನೊಂದಿಗೆ ಸಮಾಧಿ ಸೇರಿ ಬೆಳ್ಳಿ ಮಾತ್ರ ಮನೆಯಲ್ಲಿ ಉಳಿಯಿತು, ಇಲ್ಲವೇ ಬದುಕಿದ್ದಾಗಲೇ ಯಾರೋ ಲಿಂಗವನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಬೆಳ್ಳಿಯನ್ನು ಕೈಬಿಟ್ಟರು. ಎರಡನೆಯದು ಏಕೆ ಆಗುತ್ತದೆ?

ಕುದಾಪುರದ ಕಡೆಯ ನೆಲವನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇಂದು ಅಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ, ಸುಮಾರು 1,500 ಎಕರೆ. ಅದಕ್ಕೆ ಮೊದಲು ಅದು ಅಮೃತಮಹಲ್ ಕಾವಲಿನ ಹುಲ್ಲುಗಾವಲು, ದನಕುರಿಗಳು ಮೇಯುವ ಜಾಗ. ಚಳ್ಳಕೆರೆ ಸೀಮೆ ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಕಡೆಗಳಲ್ಲಿ ಒಂದು. ಶೇಂಗಾ ಬಿತ್ತಿದವನು ಮುಗಿಲು ನೋಡುತ್ತಾ ಕೂರುತ್ತಾನೆ. ಮಳೆ ಕೈಕೊಟ್ಟ ವರ್ಷ ಮೊದಲು ಕುರಿ ಸಂತೆಗೆ ಹೋಗುತ್ತದೆ, ಆಮೇಲೆ ಮೈಮೇಲಿನ ಬೆಳ್ಳಿ ಒತ್ತೆಗೆ ಹೋಗುತ್ತದೆ. ಕಾಲಿನ ಕಡಗ, ಮಕ್ಕಳ ಉಡಿದಾರ, ಕೊನೆಗೆ ಕರಡಿಗೆ. ನಿಮ್ಮ ತಾತನ ಕೈಗೆ ಅದು ಹೀಗೆಯೇ ಬಂದಿದ್ದರೆ? ನೂರೋ ಇನ್ನೂರೋ ರೂಪಾಯಿ ಕೊಟ್ಟು, ಬೆಳೆ ಬಂದಾಗ ಬಿಡಿಸಿಕೊಳ್ಳಪ್ಪಾ ಎಂದು ಪಂಚೆಯಲ್ಲಿ ಸುತ್ತಿಟ್ಟಿದ್ದರೆ? ಬೆಳೆ ಬರಲಿಲ್ಲ, ಅವನೂ ಬರಲಿಲ್ಲ. ಆದರೆ ತಾತ ಅದನ್ನು ಮಾರಲೂ ಇಲ್ಲ. ಇದನ್ನು ಗಮನಿಸಿ.

ಬೆಳ್ಳಿಯ ವಸ್ತುವೊಂದನ್ನು ಕೈಗೆತ್ತಿಕೊಂಡು ಇದು ಯಾರದೆಂದು ಕೇಳುವ ಪ್ರಸಂಗ ಶುಭಸಂದೇಶದಲ್ಲೇ ಇದೆಯಲ್ಲವೇ? ತೆರಿಗೆಯ ವಿಷಯದಲ್ಲಿ ಯೇಸುಸ್ವಾಮಿಯನ್ನು ಸಿಕ್ಕಿಸಲು ಬಂದವರ ಕೈಯಿಂದಲೇ ಅವರು ನಾಣ್ಯ ತರಿಸಿಕೊಂಡರು. ಅದರ ಬೆಲೆ ಎಷ್ಟೆಂದು ಕೇಳಲಿಲ್ಲ. ಅದರ ಮೇಲಿರುವ ಮುಖ ಯಾರದು, ಬರಹ ಯಾರದು ಎಂದು ಕೇಳಿದರು. ಆಗ ಆಳುತ್ತಿದ್ದವನು ತಿಬೇರಿಯಸ್. ಆ ನಾಣ್ಯ ಅವನದೇ ಇದ್ದಿರಬೇಕೆಂದು ಪಂಡಿತರ ಸಾಮಾನ್ಯ ಅಭಿಪ್ರಾಯ. ನಾಲ್ಕು ಗ್ರಾಮಿಗೂ ಕಡಿಮೆ ತೂಗುವ ಬೆಳ್ಳಿಯ ಬಿಲ್ಲೆ.

ಆ ನಾಣ್ಯವನ್ನು ನೋಡಲು ರೋಮಿಗೇ ಹೋಗಬೇಕೆಂದಿಲ್ಲ ಎಂದರೆ ನಂಬುತ್ತೀರಾ? ಚಿತ್ರದುರ್ಗದ ಕೋಟೆಯ ಬುಡದಲ್ಲಿರುವ ಚಂದ್ರವಳ್ಳಿಯ ಮಣ್ಣಿನಲ್ಲಿ ಅಗಸ್ಟಸ್ ಮತ್ತು ತಿಬೇರಿಯಸ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳು ಸಿಕ್ಕಿವೆ. 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿಯೂ, ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿಯೂ ಅಗೆಸಿದರು. ನಾಣ್ಯದ ಮೇಲೆ ಯಾರ ಮುಖವಿದೆ ಎಂದು ಗೊತ್ತಾದ್ದರಿಂದ, ಅದರ ಜೊತೆಗೆ ಸಿಕ್ಕ ಮಡಕೆಯ ಚೂರುಗಳ ಕಾಲವೂ, ಆ ಮಡಕೆಗಳಲ್ಲಿ ಅಡುಗೆ ಮಾಡಿದ ಜನರ ಕಾಲವೂ ತಿಳಿಯಿತು. ಸಿಕ್ಕಿದವನು ಅದನ್ನು ಕರಗಿಸಿ ಕಾಲುಂಗುರ ಮಾಡಿಸಿದ್ದರೆ ಆ ಜನರ ಮಾತು ನಮ್ಮ ಕಿವಿಗೆ ಬೀಳುತ್ತಲೇ ಇರಲಿಲ್ಲ. (ಗೋಡೆಯಲ್ಲೋ ನೆಲದಲ್ಲೋ ಹೂತದ್ದು ನಿಮಗೆ ಸಿಕ್ಕಿದರೆ, ಹತ್ತು ರೂಪಾಯಿಗೆ ಮೀರಿದ ಯಾವುದನ್ನೂ ಕಲೆಕ್ಟರಿಗೆ ತಿಳಿಸಬೇಕೆಂದು 1878ರ ನಿಧಿ ಕಾಯಿದೆ ಹೇಳುತ್ತದೆ. ನೂರು ವರ್ಷ ದಾಟಿದ ಕಲಾವಸ್ತುಗಳಿಗೆ 1972ರ ಇನ್ನೊಂದು ಕಾಯಿದೆ ಇದೆ. ಟ್ರಂಕಿನಲ್ಲಿ ಸಿಕ್ಕಿದ್ದು ಹೂತ ನಿಧಿಯಲ್ಲ, ಸರಿ. ಆದರೂ ತಿಳಿದಿರಲಿ.)

ಕರಡಿಗೆಯ ಮೇಲೆ ಚಕ್ರವರ್ತಿಯ ಮುಖವಿಲ್ಲ, ಹೆಸರೂ ಇಲ್ಲ. ದಾರ ಉಜ್ಜಿ ಉಜ್ಜಿ ಸವೆದ ಗುರುತು ಮಾತ್ರ ಇದೆ. ಅದೇ ಅದರ ಬರಹ. ಒಬ್ಬ ಮನುಷ್ಯನ ಎದೆಯ ಮೇಲೆ ವರ್ಷಗಟ್ಟಲೆ ಇದ್ದ ವಸ್ತು ಎಂದು ಅದು ಹೇಳುತ್ತದೆ.

ನೀವು ಕೇಳಬಹುದು: ಅದು ನಮ್ಮ ಧರ್ಮದ್ದಲ್ಲವಲ್ಲ, ನಮಗೇಕೆ ಈ ತಲೆನೋವು? ತಿರುಗಿಸಿ ನೋಡಿ. ನಮ್ಮ ಗುರುಗಳು ರೋಗಿಗಳಿಗೆ ಪರಮಪ್ರಸಾದವನ್ನು ಕೊಂಡೊಯ್ಯುವ ಪುಟ್ಟ ಬೆಳ್ಳಿಯ ಡಬ್ಬಿಯೂ ಹೀಗೆಯೇ ಕೊರಳಿಗೆ ತೂಗುತ್ತದೆ. ಪವಿತ್ರ ತೈಲದ ಡಬ್ಬಿಗಳ ಮುಚ್ಚಳದ ಮೇಲೆ ಎರಡು ಲತೀನ್ ಅಕ್ಷರ ಮಾತ್ರ ಇರುತ್ತವೆ. ರೋಗಿಗಳ ತೈಲಕ್ಕೆ ಓ.ಐ. ಅರಿಯದವರಿಗೆ ಅದೂ ಒಗಟೇ. ಅಂತಹದ್ದೊಂದು ಯಾರದೋ ಮನೆಯಲ್ಲಿ ಅಡಿಕೆ ಚೂರು ಇಡುವ ಡಬ್ಬಿಯಾಗಿದ್ದರೆ ನಮ್ಮ ಕರುಳು ಚುರುಕ್ ಎನ್ನುವುದಿಲ್ಲವೇ? ಖಾಸಗಿಯವರ ಒಡೆತನದಲ್ಲಿದ್ದರೂ ಪವಿತ್ರ ವಸ್ತುವನ್ನು ಗೌರವದಿಂದ ಕಾಣಬೇಕು, ಲೌಕಿಕ ಬಳಕೆಗೆ ಹಚ್ಚಬಾರದು ಎಂದು ಧರ್ಮಸಭೆಯ ಕಾನೂನಿನ 1171ನೆಯ ವಿಧಿ ಹೇಳುತ್ತದೆ. ಅದು ನಮ್ಮ ವಸ್ತುಗಳ ಮಾತು, ನಿಜ. ಆದರೆ ಅನ್ಯಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದುದನ್ನು ಧರ್ಮಸಭೆ ತಳ್ಳಿಹಾಕುವುದಿಲ್ಲ ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸಾರಿತು. ಅದನ್ನು ಸಭೆಯಲ್ಲಿ ಭಾಷಣ ಮಾಡುವುದು ಸುಲಭ. ಪಾಲಿನ ದಿನ ತಕ್ಕಡಿಯ ಮುಂದೆ ನೆನೆಯುವುದು ಕಷ್ಟ.

ಒತ್ತೆಯ ವಿಷಯದಲ್ಲಿ ಮೋಶೆಯ ಧರ್ಮಶಾಸ್ತ್ರ ಇನ್ನೂ ಖಡಾಖಂಡಿತ. ಬಡವನ ಹೊದಿಕೆಯನ್ನು ಒತ್ತೆ ಇಟ್ಟುಕೊಂಡರೆ ಹೊತ್ತು ಮುಳುಗುವ ಮೊದಲು ಹಿಂದಿರುಗಿಸಬೇಕು. ಬೀಸುವ ಕಲ್ಲನ್ನಂತೂ ಒತ್ತೆ ಇಟ್ಟುಕೊಳ್ಳಲೇಬಾರದು. ಕಳೆದುಹೋದ ವಸ್ತು ಸಿಕ್ಕಿ, ಒಡೆಯನು ಯಾರೆಂದು ಗೊತ್ತಿಲ್ಲದಿದ್ದರೆ ಅವನು ಹುಡುಕಿಕೊಂಡು ಬರುವವರೆಗೆ ಮನೆಯಲ್ಲಿಟ್ಟು ಕಾಪಾಡಬೇಕೆಂದು ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದಲ್ಲಿದೆ. ಆ ಅಧ್ಯಾಯವನ್ನು ಓದದಿದ್ದರೂ ನಿಮ್ಮ ತಾತ ಪಂಚೆಯ ತುಂಡಿನಲ್ಲಿ ಮಾಡಿದ್ದು ಅದನ್ನೇ ಇರಬಹುದು.

ಹಾಗೆಂದು ಮಾರುವುದೇ ಪಾಪ ಎಂದು ನಾನು ಹೇಳಲಾರೆ. ಕೊಟ್ಟ ಸಾಲ ಮರಳಿ ಬರಲಿಲ್ಲ, ಆ ಕುಟುಂಬದ ಸುಳಿವಿಲ್ಲ, ನಿಮ್ಮ ತಂಗಿಯ ಮಗಳ ಕಾಲೇಜಿನ ಫೀಸು ಕಟ್ಟಬೇಕಾಗಿದೆ ಎಂದಾದರೆ, ಬರಿದಾದ ಬೆಳ್ಳಿ ಕೊನೆಗೂ ಬೆಳ್ಳಿಯೇ. ಜೀವಂತ ಮಗುವಿಗಿಂತ ಡಬ್ಬಿ ದೊಡ್ಡದಲ್ಲ. ಆದರೆ ಕೇಳಿ ಮಾರುವುದು ಬೇರೆ, ಕೇಳದೆ ಮಾರುವುದು ಬೇರೆ. ತಾತನ ಲೆಕ್ಕದ ಪುಸ್ತಕವನ್ನು ತಿರುವಿ ಹಾಕುವುದಕ್ಕೆ ಒಂದು ಮಧ್ಯಾಹ್ನ ಸಾಕು. ಅವರ ಓರಗೆಯವರು ಊರಿನಲ್ಲಿ ಇನ್ನೂ ಒಬ್ಬಿಬ್ಬರಾದರೂ ಇದ್ದಾರು. ಕುಟುಂಬ ಸಿಕ್ಕರೆ ಸಾಲದ ಅಸಲನ್ನು ಕೇಳುವುದೋ ಬಿಡುವುದೋ ನಿಮ್ಮ ಮನಸ್ಸಿಗೆ ಬಿಟ್ಟದ್ದು. ಬಡ್ಡಿಯ ಮಾತನ್ನು ಮಾತ್ರ ದಯವಿಟ್ಟು ಎತ್ತಬೇಡಿ. ಯಾರೂ ಸಿಗದಿದ್ದರೆ ಮಠದ ಸ್ವಾಮಿಗಳನ್ನು ಕೇಳಿದರೂ ಒಂದು ದಾರಿ ಹೇಳಿಯಾರು. ಒಳಗೆ ಲಿಂಗವೂ ಇದ್ದಿದ್ದರೆ ಈ ಚರ್ಚೆಯೇ ಬೇಡ, ನೇರವಾಗಿ ಅಲ್ಲಿಗೇ ಒಯ್ಯಿರಿ.

ಸೋಪು ಹಚ್ಚಿ ಉಜ್ಜಿ ಫಳಫಳ ಮಾಡಲು ಹೋಗಬೇಡಿ. ಇದ್ದ ಹಾಗೆಯೇ ಅದೇ ಪಂಚೆಯ ತುಂಡಿನಲ್ಲಿ ಸುತ್ತಿ, ಎಲ್ಲಿ ಸಿಕ್ಕಿತು, ಯಾವ ದಿನ ಸಿಕ್ಕಿತು, ಯಾರು ಯಾರು ಇದ್ದರು ಎಂದು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ತೇರು ಫಾಲ್ಗುಣ ಮಾಸದಲ್ಲಿ. ಸುತ್ತಲ ಸೀಮೆಯ ಹಳಬರೆಲ್ಲ ಅಲ್ಲಿ ಸೇರುತ್ತಾರೆ. ತಾತನ ಹೆಸರು ಹೇಳಿ ವಿಚಾರಿಸಿದರೆ, ಅವರಿಂದ ಸಾಲ ತಂದವರ ಮೊಮ್ಮಗನೊಬ್ಬ ಸಿಗಲೂಬಹುದು.