ವಿಪತ್ತಿನ ಕಾಲದಲ್ಲಿ ದಾನವಿವೇಕ

ಶ್ರಾವಕನ ಷಟ್ಕರ್ಮಗಳಲ್ಲಿ ದಾನವೂ ಒಂದು. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳನ್ನು ಪಾಠಶಾಲೆಯ ಮಕ್ಕಳೂ ಬಲ್ಲರು. ಆದರೆ ಕೊಡುವವರು ನೂರಾರು, ಬೇಡುವವರು ಸಾವಿರಾರು, ಕಾಲಾವಕಾಶ ಮಾತ್ರ ಅತ್ಯಲ್ಪ ಎಂಬ ಸಂಕಟದಲ್ಲಿ ದಾತೃವಿನ ಧರ್ಮ ಯಾವುದು? ಶುದ್ಧ ಭಾವವೊಂದೇ ಸಾಕೆ? ಇತರ ದಾತೃಗಳೊಡನೆ ವಿಚಾರಿಸಿ, ಹೊಂದಿಕೊಂಡು ಕೊಡುವುದೂ ದಾನದ ಅಂಗವೆ?

ಈ ಪ್ರಶ್ನೆ ದೂರದ್ದಲ್ಲ. ಪಶ್ಚಿಮ ಬೆಂಗಳೂರಿನ ಕುರುಬರಹಳ್ಳಿಯಲ್ಲಿ 2017ರ ಅಕ್ಟೋಬರ್ 13ರ ಭಾರಿ ಮಳೆಗೆ ರಾಜಕಾಲುವೆ ಉಕ್ಕಿ ತಗ್ಗಿನ ಮನೆಗಳಿಗೆ ನೀರು ನುಗ್ಗಿತು. ಜನರು ಕೊಚ್ಚಿಹೋಗಿ ಪ್ರಾಣ ಕಳೆದುಕೊಂಡರು. ಅದಕ್ಕೆ ಒಂದು ವರ್ಷ ಹಿಂದೆ, 2016ರ ಸೆಪ್ಟೆಂಬರ್ 12ರಂದು, ಕಾವೇರಿ ವಿವಾದದ ಗಲಭೆಯಿಂದ ರಾಜಾಜಿನಗರ, ವಿಜಯನಗರ, ಕಾಮಾಕ್ಷಿಪಾಳ್ಯ, ಕೆಂಗೇರಿ ಮೊದಲಾದ ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ ವಿಧಿಸಲಾಗಿತ್ತು. ಒಂದು ಪ್ರಕೃತಿಯ ಕೋಪ, ಇನ್ನೊಂದು ಮನುಷ್ಯನ ಕೋಪ. ಮಳೆಯಲ್ಲಿ ನೆನೆದವನಿಗೆ ಒಣಬಟ್ಟೆ, ಕುಡಿಯುವ ನೀರು, ಔಷಧ ಬೇಕು. ಗಲಭೆಯಲ್ಲಿ ಬಾಗಿಲು ಹಾಕಿಕೊಂಡು ಕುಳಿತವನಿಗೆ ಎಲ್ಲಕ್ಕಿಂತ ಮೊದಲು ಅಭಯ ಬೇಕು; ಅವನು ಯಾವ ಭಾಷೆಯವನೆಂದು ಕೇಳದ ನೆರೆಮನೆ ಬೇಕು. ಎರಡು ಸಂಕಟಗಳಿಗೂ ಒಂದೇ ಅನ್ನದ ಪೊಟ್ಟಣವನ್ನು ಹಂಚುವವನು ದಾನ ಮಾಡಿದಂತೆ ಕಂಡರೂ ಬೇಡಿಕೆಯನ್ನು ಕಂಡವನಲ್ಲ.

ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕರ ವಿಶೇಷದಿಂದ ದಾನದ ಫಲದಲ್ಲಿ ತಾರತಮ್ಯ ಉಂಟಾಗುತ್ತದೆ ಎಂಬುದು ತತ್ತ್ವಾರ್ಥಸೂತ್ರದ ನಿರೂಪಣೆ. ಸಾಮಾನ್ಯವಾಗಿ ನಮ್ಮ ಗಮನವೆಲ್ಲ ದಾತೃವಿನ ಭಾವದ ಮೇಲೂ ದ್ರವ್ಯದ ಶುದ್ಧಿಯ ಮೇಲೂ ನಿಲ್ಲುತ್ತದೆ. ವಿಪತ್ತು ವಿಧಿಯನ್ನು ಪರೀಕ್ಷೆಗೆ ಒಡ್ಡುತ್ತದೆ: ಯಾವಾಗ, ಯಾವ ಕ್ರಮದಲ್ಲಿ, ಯಾರ ಮೂಲಕ ಕೊಡಬೇಕು? ಇನ್ನು ಪಾತ್ರದ ವಿಚಾರ. ಪಾತ್ರದತ್ತಿಯಲ್ಲಿ ಸ್ವೀಕರಿಸುವವರ ಯೋಗ್ಯತೆ ಗಣನೀಯ. ದಯಾದತ್ತಿಯಲ್ಲಿ ಅವರ ದುಃಖವೊಂದೇ ಅರ್ಹತೆ. ರೆಡ್‌ಕ್ರಾಸ್ ಮತ್ತಿತರ ಸೇವಾಸಂಸ್ಥೆಗಳು 1994ರಲ್ಲಿ ಒಪ್ಪಿಕೊಂಡ ಆಚಾರಸಂಹಿತೆಯೂ ಜಾತಿ, ಮತ, ದೇಶಗಳನ್ನೆಣಿಸದೆ ಅಗತ್ಯವನ್ನೇ ನೋಡಿ ನೆರವು ನೀಡಬೇಕೆನ್ನುತ್ತದೆ. ದಯಾದತ್ತಿಯ ಪರಂಪರೆಗೆ ಇದು ಹೊಸ ಮಾತಲ್ಲ.

ಹೊಂದಾಣಿಕೆಯಿಲ್ಲದ ದಾನದಿಂದ ಒದಗುವ ಕೇಡನ್ನೂ ಆಲೋಚಿಸಬೇಕು. ಐದು ಸಂಸ್ಥೆಗಳು ಒಂದೇ ಬೀದಿಗೆ ಅನ್ನ ತಂದರೆ ನಾಲ್ಕು ಸಂಸ್ಥೆಗಳ ಅನ್ನ ಹಳಸುತ್ತದೆ; ಹಳಸಿದ ಅನ್ನದಲ್ಲಿ ಜೀವೋತ್ಪತ್ತಿಯಾಗುತ್ತದೆ; ಅದೇ ಹೊತ್ತಿನಲ್ಲಿ ಪಕ್ಕದ ಬೀದಿ ಹಸಿದಿರುತ್ತದೆ. ಉಡಲಾಗದ ಹಳೆಯ ಬಟ್ಟೆಯ ರಾಶಿ ಕೊನೆಗೆ ಕಾಲುವೆಯ ಪಾಲಾದರೆ ಮುಂದಿನ ಮಳೆಯಲ್ಲಿ ಅದೇ ನೀರಿನ ದಾರಿಯನ್ನು ಕಟ್ಟುತ್ತದೆ. ದಾತೃವಿಗೆ ಇದಾವುದೂ ಇಷ್ಟವಿಲ್ಲ, ನಿಜ. ಆದರೆ ಹಿಂಸೆಯ ಮೂಲವನ್ನು ಪ್ರಮಾದದಲ್ಲಿ, ಎಂದರೆ ಎಚ್ಚರಗೇಡಿತನದಲ್ಲಿ, ಗುರುತಿಸಿದ ಧರ್ಮ ನಮ್ಮದು. ವಿಚಾರಿಸಬಹುದಾಗಿದ್ದೂ ವಿಚಾರಿಸದೆ ಕೊಟ್ಟವನು ತನ್ನ ಸದುದ್ದೇಶವನ್ನು ಮುಂದಿಟ್ಟು ಪೂರ್ಣವಾಗಿ ಪಾರಾಗಲಾರನು.

ಇಲ್ಲಿ ‘ಸಮಿತಿ’ ಎಂಬ ಶಬ್ದ ಮನನೀಯ. ಇಂದು ಅದಕ್ಕೆ ಸಭೆ ಸೇರುವ ಮಂಡಳಿ ಎಂದಷ್ಟೇ ಅರ್ಥ. ಆಗಮದಲ್ಲಿ ಅದು ಎಚ್ಚರದ ಪ್ರವೃತ್ತಿ. ವಸ್ತುವನ್ನು ತೆಗೆದುಕೊಳ್ಳುವಾಗಲೂ ಇಡುವಾಗಲೂ ಜೀವಬಾಧೆಯಾಗದಂತೆ ನೋಡಿಕೊಳ್ಳುವ ಆದಾನನಿಕ್ಷೇಪಣ ಸಮಿತಿ ಮುನಿಗಳಿಗೆ ವಿಹಿತವಾದರೂ ಗೃಹಸ್ಥನು ಅದರಿಂದ ಕಲಿಯಬಹುದು. ಪರಿಹಾರದ ಸಾಮಗ್ರಿಯನ್ನು ಎಲ್ಲಿಂದ ಎತ್ತಬೇಕು, ಎಲ್ಲಿ ಇಳಿಸಬೇಕು ಎಂದು ನೋಡಿ ನಡೆಯುವುದು ಆ ಎಚ್ಚರದ ಲೌಕಿಕ ರೂಪವೇ ಸರಿ.

ಒಂದು ಸೂಕ್ಷ್ಮ ಪ್ರಶ್ನೆಯೂ ಉಂಟು. ನೆರೆ ರಾತ್ರಿ ಬಂದರೆ, ರಾತ್ರಿಭೋಜನ ತ್ಯಾಗವನ್ನು ಪಾಲಿಸುವ ಬಸದಿಯ ಟ್ರಸ್ಟು ಆಗ ಒಲೆ ಹಚ್ಚಬೇಕೆ? ವ್ರತವು ವ್ರತಿಯನ್ನು ಬಂಧಿಸುತ್ತದೆ, ಹಸಿದ ನೆರೆಯವನನ್ನಲ್ಲ. ಆದ್ದರಿಂದ ಅವನನ್ನು ಬೆಳಗಿನವರೆಗೆ ಕಾಯಿಸುವುದು ಧರ್ಮವಲ್ಲ. ವ್ರತವನ್ನು ಹಗುರ ಮಾಡುವುದೂ ಯುಕ್ತವಲ್ಲ. ಇತರರೊಡನೆ ಮೊದಲೇ ಮಾತಾಡಿಕೊಂಡ ಟ್ರಸ್ಟಿಗೆ ಈ ಇಕ್ಕಟ್ಟು ಒದಗದು: ರಾತ್ರಿಯ ಅಡುಗೆ ಮತ್ತೊಬ್ಬರ ಪಾಲು, ಔಷಧ, ಹೊದಿಕೆ, ಸಭಾಭವನದ ಆಶ್ರಯ ಬಸದಿಯ ಪಾಲು, ಸೂರ್ಯೋದಯಾನಂತರದ ಆಹಾರವೂ ಅದರದೇ. ಹೊಂದಾಣಿಕೆಯು ಒಬ್ಬರ ಧರ್ಮವನ್ನು ಉಳಿಸಿ ಇನ್ನೊಬ್ಬರ ಪ್ರಾಣವನ್ನೂ ಉಳಿಸುತ್ತದೆ.

ಇದಕ್ಕೆ ಆಕ್ಷೇಪಗಳಿವೆ. ಸಮಾಜದ ಹಣ ಸಮಾಜದ ಕೈಯಿಂದಲೇ ಸಲ್ಲಬೇಕೆಂದು ಕೆಲವರು ವಾದಿಸುತ್ತಾರೆ. ಲೆಕ್ಕ ಕೇಳುವುದು ದಾನಿಗಳ ಹಕ್ಕು, ಅದನ್ನು ಒಪ್ಪಿಸಲೇಬೇಕು. ಆದರೆ ಹೆಸರಿನ ಫಲಕಕ್ಕಾಗಿ ಪ್ರತ್ಯೇಕ ಪಂಕ್ತಿ ಹೂಡುವುದಾದರೆ ಅದು ಕೀರ್ತಿಯ ಪರಿಗ್ರಹ. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. 2005ರ ವಿಪತ್ತು ನಿರ್ವಹಣಾ ಕಾಯ್ದೆಯು ಜಿಲ್ಲಾಮಟ್ಟದ ಪ್ರಾಧಿಕಾರಕ್ಕೆ ಸಮನ್ವಯದ ಹೊಣೆ ಹೊರಿಸಿದೆ. ಆದರೂ ಪಟ್ಟಿಯಲ್ಲಿ ಹೆಸರಿಲ್ಲದ ಬಾಡಿಗೆದಾರ, ಪಡಿತರ ಚೀಟಿಯಿಲ್ಲದ ಕೂಲಿಕಾರ ಬಿಟ್ಟುಹೋಗಬಹುದಲ್ಲವೆ? ಬಿಟ್ಟುಹೋಗಬಹುದು. ಒಂದೇ ಕಚೇರಿಯ ದೃಷ್ಟಿ ಸಮಗ್ರವಲ್ಲವೆಂಬುದನ್ನು ಅನೇಕಾಂತವನ್ನು ಅರಿತವರಿಗೆ ಹೇಳಬೇಕಾಗಿಲ್ಲ. ಆದ್ದರಿಂದಲೇ ಬೀದಿಯನ್ನು ಬಲ್ಲ ಸಂಸ್ಥೆ ದೂರ ನಿಲ್ಲದೆ, ಒಳಗೆ ಸೇರಿ ಬಿಟ್ಟುಹೋದವರ ಹೆಸರು ಹೇಳಬೇಕು. ಕಣ್ಣೆದುರಿನ ಹಸಿವಿಗೆ ಅಪ್ಪಣೆಗಾಗಿ ಕಾಯಬೇಕಾಗಿಲ್ಲ. ಕೊಟ್ಟುದನ್ನು ಇತರರಿಗೆ ತಿಳಿಸಿದರೆ ಸಾಕು.

1993ರ ಸೆಪ್ಟೆಂಬರ್ 30ರಂದು ಲಾತೂರು ಸೀಮೆಯ ಕಿಲ್ಲಾರಿಯಲ್ಲಿ ಭೂಕಂಪವಾದಾಗ, ಶಾಂತಿಲಾಲ್ ಮುತ್ಥಾ ಅವರ ನೇತೃತ್ವದ ಭಾರತೀಯ ಜೈನ ಸಂಘಟನೆಯು ಸುಮಾರು 1200 ಮಕ್ಕಳನ್ನು ಪುಣೆಗೆ ಕರೆದೊಯ್ದು ವಿದ್ಯೆಯ ಹೊಣೆ ಹೊತ್ತಿತು. ಅನ್ನ, ಬಟ್ಟೆಗಳ ಅಗತ್ಯ ಎಲ್ಲರ ಕಣ್ಣಿಗೂ ಬೀಳುತ್ತದೆ; ವರ್ಷಗಟ್ಟಲೆ ನಡೆಯಬೇಕಾದ ಜ್ಞಾನದಾನದ ಅಗತ್ಯ ವಿಚಾರಿಸಿದವರಿಗೆ ಮಾತ್ರ ಕಾಣುತ್ತದೆ.

ಮಳೆಗಾಲಕ್ಕೆ ಮುನ್ನ ಒಂದು ಸಂಜೆ ಬಸದಿಯ ಪದಾಧಿಕಾರಿಗಳು ನೆರೆಯ ದೇವಸ್ಥಾನ, ಮಸೀದಿ, ಚರ್ಚು, ಶಾಲೆಗಳವರೊಡನೆ ಕುಳಿತು ಯಾರ ಪಾಲು ಯಾವುದೆಂದು ಬರೆದಿಡುವುದು ಕಷ್ಟದ ಕಾರ್ಯವಲ್ಲ. ತಗ್ಗಿನ ಮನೆಗಳಲ್ಲಿ ಹಾಸಿಗೆ ಹಿಡಿದ ವೃದ್ಧರು ಯಾರಿದ್ದಾರೆ, ಸಭಾಭವನದ ಬೀಗದ ಕೈ ರಾತ್ರಿ ಯಾರ ಬಳಿ ಇರುತ್ತದೆ ಎಂಬುದೂ ಅಲ್ಲಿ ನಿಶ್ಚಯವಾಗಲಿ. ಆ ಹಾಳೆಯ ಮೇಲೆ ಯಾವ ದಾನಿಯ ಹೆಸರೂ ಕಾಣದಿರಬಹುದು. ದಾನದ ವಿಧಿ ಮಾತ್ರ ಅಲ್ಲಿಂದಲೇ ಆರಂಭವಾಗುತ್ತದೆ.