ಸೈನಿಕನ ತ್ಯಾಗ ಮತ್ತು ಭಕ್ತನ ವಿನಯ

ಬೆಟ್ಟ ಹತ್ತಿ ಬರುವ ಸದ್ಭಕ್ತರಲ್ಲಿ ಮಕ್ಕಳನ್ನು ಮಿಲಿಟ್ರಿಗೆ ಕಳಿಸಿದ ತಂದೆ-ತಾಯಿಗಳು ಪ್ರತಿ ವರ್ಷ ಇದ್ದೇ ಇರುತ್ತಾರೆ. ಮಗ ರಜೆ ಮೇಲೆ ಊರಿಗೆ ಬಂದಾಗ ಕರಕೊಂಡು ಬಂದು ಹರಕೆ ತೀರಿಸುತ್ತಾರೆ. ಅಂಥವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಕಾಡುವುದುಂಟು. ಶೌರ್ಯಕ್ಕೆ ಎದೆ ಸೆಟೆಸಬೇಕು, ಭಕ್ತಿಗೆ ತಲೆ ಬಾಗಿಸಬೇಕು. ಎರಡೂ ಒಬ್ಬ ಮನುಷ್ಯನಲ್ಲಿ ಕೂಡಿ ಬರುವುದು ಹ್ಯಾಗೆ? ಆಯುಧ ಹಿಡಿದ ಕೈಯನ್ನು ದೇವರು ಒಪ್ಪುತ್ತಾನೋ ಇಲ್ಲವೋ?

ಈ ಪ್ರಶ್ನೆಗೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಶಿಗ್ಗಾಂವ ತಾಲೂಕಿನ ಬಾಡ ಗ್ರಾಮದಲ್ಲಿ 16ನೇ ಶತಮಾನದಲ್ಲಿ ಬೀರಪ್ಪ ಮತ್ತು ಬಚ್ಚಮ್ಮ ಎಂಬ ದಂಪತಿಗಳಿಗೆ ತಿಮ್ಮಪ್ಪ ಎಂಬ ಮಗನಿದ್ದ. ವಿಜಯನಗರದ ಅರಸರ ಕಾಲದಲ್ಲಿ ಈ ಸೀಮೆಯ ದಂಡನಾಯಕನಾಗಿದ್ದ. ಭೂಮಿಯಲ್ಲಿ ಹೊನ್ನು ಸಿಕ್ಕಿದ್ದರಿಂದ ಕನಕನಾಯಕ ಎಂದು ಹೆಸರಾಯಿತಂತೆ. ಕುದುರೆ, ಕತ್ತಿ, ಕಾಲಾಳು, ಹಣ ಯಾವುದಕ್ಕೂ ಕೊರತೆ ಇರಲಿಲ್ಲ. ಮುಂದೆ ಒಂದು ಕಾಳಗದಲ್ಲಿ ಮೈತುಂಬ ಗಾಯಗೊಂಡು ಬಿದ್ದಾಗ ಅವನಿಗೆ ದೇವರ ಕರೆ ಕೇಳಿಸಿತೆಂದು ಹಿರಿಯರು ಹೇಳುತ್ತಾರೆ. ಕತ್ತಿ ಕೆಳಗಿಟ್ಟ. ಕಾಗಿನೆಲೆಯ ಆದಿಕೇಶವನ ಪಾದ ಹಿಡಿದು, ವ್ಯಾಸರಾಯರ ಶಿಷ್ಯನಾಗಿ ಕನಕದಾಸನಾದ. ನಾಯಕ ಹೋಗಿ ದಾಸನಾಗುವುದು ಸಣ್ಣ ಮಾತಲ್ಲ. ಅಪ್ಪಣೆ ಕೊಟ್ಟವನು ಅಪ್ಪಣೆ ಕೇಳುವವನಾದ.

ಮೋಕ್ಷಕ್ಕೆ ಯಾರು ಹೋಗುತ್ತಾರೆ ಎಂದು ಗುರುಗಳು ಸಭೆಯಲ್ಲಿ ಕೇಳಿದಾಗ ಪಂಡಿತರೆಲ್ಲ ಸುಮ್ಮನಿದ್ದರಂತೆ. ಕನಕದಾಸರು ಮಾತ್ರ "ನಾನು ಹೋದರೆ ಹೋದೇನು" ಅಂದರಂತೆ. ಇದೆಂಥ ಸೊಕ್ಕಿನ ಮಾತು ಎಂದು ಹಲವರು ಸಿಟ್ಟಾದರು. ಆದರೆ ಅವರ ಅರ್ಥ ಬೇರೆ ಇತ್ತು. ನಾನು ಎಂಬುದು ಹೋದರೆ ತಾನು ಹೋದೇನು ಎಂಬುದು ಆ ಮಾತಿನ ತಿರುಳು.

ಹಾಗಾದರೆ ಕನಕದಾಸರು ಕತ್ತಿ ಬಿಟ್ಟಿದ್ದರಿಂದ ದೊಡ್ಡವರಾದರು, ಕತ್ತಿ ಹಿಡಿದವರೆಲ್ಲ ಸಣ್ಣವರು ಎನ್ನಬೇಕೇ? ಅಲ್ಲ. ಅವರು ಕತ್ತಿಯ ಜೊತೆಗೆ 'ನಾನು' ಎಂಬುದನ್ನೂ ಬಿಟ್ಟರು. ಕತ್ತಿ ಬಿಟ್ಟು ಅಹಂಕಾರ ಇಟ್ಟುಕೊಂಡವರು ಮಠ-ಮಂದಿರಗಳಲ್ಲೂ ಸಿಗುತ್ತಾರೆ. ಬಂದೂಕು ಹಿಡಿದೂ ಅಹಂಕಾರ ಬಿಟ್ಟವರು ಗಡಿಯಲ್ಲಿ ಸಿಗುತ್ತಾರೆ.

ಬೇರೆ ಧರ್ಮದ ಗ್ರಂಥಗಳೂ ಇದನ್ನೇ ಸಾರುತ್ತವೆ. ಕ್ರೈಸ್ತರ ಬೈಬಲಿನಲ್ಲಿ ಕಪೆರ್ನೌಮ್ ಎಂಬ ಊರಿನ ರೋಮನ್ ಶತಾಧಿಪತಿಯ ಕಥೆ ಇದೆ. ಅವನ ಕೈಕೆಳಗೆ ಸಿಪಾಯಿಗಳಿದ್ದರು. ಮನೆಯ ಆಳು ಕಾಯಿಲೆ ಬಿದ್ದಾಗ ಅವನು ಯೇಸುವಿನ ಮೊರೆ ಹೊಕ್ಕ. ತಮ್ಮ ಪಾದ ನನ್ನ ಮನೆಗೆ ಬರುವಷ್ಟು ಯೋಗ್ಯತೆ ನನಗಿಲ್ಲ, ಇದ್ದಲ್ಲಿಂದಲೇ ಒಂದು ಮಾತು ಹೇಳಿದರೆ ಸಾಕು ಎಂದು ಕೇಳಿಕೊಂಡ. ಒಬ್ಬ ಆಳಿಗಾಗಿ ಅಧಿಕಾರಿ ತಲೆ ಬಾಗಿಸಿದ. ಯೇಸು ಅವನ ನಂಬಿಕೆಯನ್ನು ಹೊಗಳಿದನೇ ಹೊರತು ನೌಕರಿ ಬಿಡು ಎಂದು ಹೇಳಲಿಲ್ಲ. ಅದೇ ಕ್ರೈಸ್ತರಲ್ಲಿ 4ನೇ ಶತಮಾನದ ಸಂತ ಮಾರ್ಟಿನ್ ಸೈನ್ಯ ಬಿಟ್ಟು ಬಂದವನು. ಸೈನ್ಯದಲ್ಲಿದ್ದಾಗ ಚಳಿಗೆ ನಡುಗುವ ಭಿಕ್ಷುಕನಿಗೆ ತನ್ನ ಮೇಲಂಗಿಯನ್ನು ಕತ್ತಿಯಿಂದ ಅರ್ಧ ಸೀಳಿ ಹೊದಿಸಿದನಂತೆ. ಒಬ್ಬ ಸೈನ್ಯದಲ್ಲಿ ಉಳಿದ, ಒಬ್ಬ ಬಿಟ್ಟ. ಇಬ್ಬರಲ್ಲೂ ವಿನಯ ಒಂದೇ.

ಹಾನಗಲ್ಲ, ಹಿರೇಕೆರೂರು ಕಡೆಯ ಹಳ್ಳಿಗಳಿಗೆ ಹೋದವರು ವೀರಗಲ್ಲುಗಳನ್ನು ನೋಡಿರಬಹುದು. ಹೆಚ್ಚಿನವುಗಳಲ್ಲಿ ಮೂರು ಹಂತ ಇರುತ್ತವೆ. ಕೆಳಗೆ ವೀರನು ಕಾದಾಡುತ್ತಾನೆ. ನಡುವೆ ಅಪ್ಸರೆಯರು ಅವನನ್ನು ಕರೆದೊಯ್ಯುತ್ತಾರೆ. ಮೇಲಿನ ಹಂತದಲ್ಲಿ ಅವನು ಶಿವಲಿಂಗದ ಮುಂದೆ ಕೈ ಮುಗಿದು ಕೂತಿರುತ್ತಾನೆ. ಅಲ್ಲಿ ಕತ್ತಿ ಇಲ್ಲ. ಊರಿಗಾಗಿ, ದನ-ಕರುಗಳಿಗಾಗಿ ಸತ್ತವನ ಕೊನೆಯ ಚಿತ್ರ ಮುಗಿದ ಕೈ. ನಮ್ಮ ಪೂರ್ವಿಕರು ಕಲ್ಲಿನಲ್ಲಿ ಬರೆದಿಟ್ಟ ಉತ್ತರ ಇದೇ.

ಇದು ಹಳೇ ಕಾಲದ ಮಾತು ಎನ್ನುವಂತಿಲ್ಲ. ಶಿಗ್ಗಾಂವ, ಸವಣೂರಿಗೆ ಹತ್ತಿರದ ಕುಂದಗೋಳ ತಾಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರನ್ನು ಯಾರು ಮರೆತಾರು? ಅವರು ದೊಡ್ಡ ಅಧಿಕಾರಿಯಲ್ಲ, ಲ್ಯಾನ್ಸ್ ನಾಯಕ್. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ 19 ಸಾವಿರ ಅಡಿಗೂ ಎತ್ತರದಲ್ಲಿ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ 10 ಯೋಧರು ಹೂತುಹೋದರು. ಆರು ದಿನ ಹಿಮದಡಿ ಇದ್ದ ಹನುಮಂತಪ್ಪ ಜೀವಂತ ಸಿಕ್ಕರು. ಊರೂರಲ್ಲಿ ಪೂಜೆ-ಪ್ರಾರ್ಥನೆ ನಡೆದವು. ಫೆಬ್ರವರಿ 11ರಂದು ದಿಲ್ಲಿಯ ಸೇನಾ ಆಸ್ಪತ್ರೆಯಲ್ಲಿ ಪ್ರಾಣ ಬಿಟ್ಟರು.

ಅವರನ್ನು ಕೊಂದದ್ದು ವೈರಿಯ ಗುಂಡಲ್ಲ. ತನ್ನ ಪಾಳಿಯ ಕಾವಲು ಕಾಯುತ್ತ ಹೋದರು. ನೋಡುವವರಿಲ್ಲ, ಚಪ್ಪಾಳೆ ಇಲ್ಲ, ಸುತ್ತಲೂ ಹಿಮ. ಅಂಥ ಕಡೆ ನಿಲ್ಲುವವನಿಗೆ 'ನಾನು' ಎಂಬುದರಿಂದ ಏನು ಉಪಯೋಗ? ಅಲ್ಲಿ ನಡೆಯುವುದು ಸೇವೆ ಮಾತ್ರ.

ಆದಕಾರಣ ಸೈನಿಕರ ತಂದೆ-ತಾಯಿಗಳು ಸಂಶಯ ಪಡಬೇಕಾಗಿಲ್ಲ. ಮಗನ ಕೈಯಲ್ಲಿ ಏನಿದೆ ಎಂಬುದಕ್ಕಿಂತ ಮನದಲ್ಲಿ ಏನಿದೆ ಎಂಬುದನ್ನು ದೇವರು ನೋಡುತ್ತಾನೆ. ನಾವು ಮಾತ್ರ ಅವರ ತ್ಯಾಗವನ್ನು ಹೊಗಳಿ ಎದೆ ಉಬ್ಬಿಸಿದರೆ ಸಾಲದು. ದರ್ಶನದ ಸಾಲಿನಲ್ಲಿ ಮುಂದಿನವರನ್ನು ನೂಕದೆ, ವಯಸ್ಸಾದವರಿಗೆ ದಾರಿ ಬಿಟ್ಟು ನಿಂತರೆ ಅದೂ ಒಂದು ಸಣ್ಣ ತ್ಯಾಗವೇ. ಬೆಟ್ಟ ಹತ್ತುವಾಗ ತಂದ 'ನಾನು' ಇಳಿಯುವಾಗ ಇಲ್ಲೇ ಉಳಿದರೆ ಯಾತ್ರೆ ಸಾರ್ಥಕ.

ಗಡಿ ಕಾಯುವ ಎಲ್ಲ ಮಕ್ಕಳಿಗೂ ಒಳಿತಾಗಲಿ.