ಮನೋಧರ್ಮಕ್ಕೆ ಪಠ್ಯಕ್ರಮ ಉಂಟೇ?

ಜಾಜ್ ವಾದನದ ಉನ್ನತ ವ್ಯಾಸಂಗದಲ್ಲಿ ವಿದ್ಯಾರ್ಥಿ ಬರೆದಿಟ್ಟ ಸ್ವರಗಳನ್ನು ತಪ್ಪಿಲ್ಲದೆ ನುಡಿಸಿದರೆ ಸಾಲದು. ಹಾಡಿನ ಕಾರ್ಡ್‌ಗಳ ಸರಣಿಯನ್ನು ಮನಸ್ಸಿನಲ್ಲಿಟ್ಟುಕೊಂಡು, ಲಯ ತಪ್ಪದೆ, ಜೊತೆಯವರ ನುಡಿಗೆ ಕಿವಿಗೊಟ್ಟು, ಅಲ್ಲಿಯವರೆಗೆ ಇಲ್ಲದ ಸಂಗೀತವನ್ನು ಅವನು ವೇದಿಕೆಯ ಮೇಲೆಯೇ ಕಟ್ಟಬೇಕು. ಖಯಾಲ್ ಗಾಯಕನೂ ಬಂದಿಷ್ ಎಂಬ ಸಿದ್ಧ ರಚನೆಯ ಸುತ್ತ ಇದನ್ನೇ ಮಾಡುತ್ತಾನೆ. ಹಾಗೆ ಆ ಹೊತ್ತಿಗೆ ಹುಟ್ಟುವ ಮನೋಧರ್ಮವನ್ನು ತರಗತಿಯಲ್ಲಿ ಕಲಿಸಿ, ಅಂಕ ಹಾಕಿ, ಪದವಿ ಕೊಡಬಹುದೇ ಎಂಬುದು ಶಿಕ್ಷಣದ ಪ್ರಶ್ನೆ. ಸಂಗೀತವನ್ನು ನಾದಬ್ರಹ್ಮದ ಉಪಾಸನೆ ಎಂದು ಕಂಡ ಪರಂಪರೆಯಲ್ಲಿ ಅದೇ ಪ್ರಶ್ನೆ ಧರ್ಮಜಿಜ್ಞಾಸೆಯೂ ಆಗುತ್ತದೆ: ಮನೋಧರ್ಮ ಪರಿಶ್ರಮದ ಫಲವೋ, ಅನುಗ್ರಹವೋ?

ಭಾರತದಲ್ಲಿ ಈ ಪ್ರಶ್ನೆ ಬಹಳ ಕಾಲದಿಂದ ಪ್ರಯೋಗಕ್ಕೆ ಒಡ್ಡಿಕೊಂಡ ಊರುಗಳಲ್ಲಿ ಗುಜರಾತಿನ ವಡೋದರ (ಅಂದಿನ ಬಡೋದೆ) ಮುಖ್ಯವಾದುದು. ಮೂರನೆಯ ಸಯಾಜಿರಾವ್ ಗಾಯಕವಾಡರ ಆಶ್ರಯದಲ್ಲಿ ಮೌಲಾ ಬಕ್ಷ್ 1886ರಲ್ಲಿ ಅಲ್ಲಿ ಗಾಯನ ಶಾಲೆಯನ್ನು ತೆರೆದರು. ಬಡೋದೆಗೆ ಬರುವ ಮೊದಲು ಅವರು ಮೈಸೂರು ಅರಮನೆಯ ಮನ್ನಣೆ ಪಡೆದಿದ್ದರು. ಹಿಂದೂಸ್ತಾನಿಯ ಜೊತೆಗೆ ಕರ್ನಾಟಕ ಸಂಗೀತವನ್ನೂ ಅಭ್ಯಾಸ ಮಾಡಿದ್ದರು. ಸ್ವರಗಳನ್ನು ಬರೆದಿಡಲು ತಮ್ಮದೇ ಲಿಪಿಕ್ರಮವೊಂದನ್ನು ರೂಪಿಸಿ ಪಠ್ಯಪುಸ್ತಕಗಳನ್ನು ಹೊರತಂದರು. ಅಲ್ಲಿಯವರೆಗೆ ಸಂಗೀತ ದೊರೆಯುತ್ತಿದ್ದುದು ಉಸ್ತಾದರ ಮನೆಯಲ್ಲಿ. ಅದೂ ಮಕ್ಕಳಿಗೆ, ಅಳಿಯಂದಿರಿಗೆ, ವರ್ಷಗಟ್ಟಲೆ ಸೇವೆ ಮಾಡಿ ಶಿಷ್ಯತ್ವದ ದಾರವಾದ ಗಂಡಾ ಕಟ್ಟಿಸಿಕೊಂಡವರಿಗೆ. ಶಾಲೆ ಅದನ್ನು ವೇಳಾಪಟ್ಟಿಗೆ ತಂದು, ಊರಿನ ಸಾಮಾನ್ಯರಿಗೂ ಬಾಗಿಲು ತೆರೆಯಿತು. ವಿದ್ಯೆ ಕುಲದ ಸ್ವತ್ತಲ್ಲ ಎಂಬ ನಿಲುವು ಆ ವ್ಯವಸ್ಥೆಯ ಬುಡದಲ್ಲಿತ್ತು.

ಇದೇ ಮನೆತನದಲ್ಲಿ ಆ ಪ್ರಶ್ನೆಗೆ ಬೇರೆಯೇ ಉತ್ತರ ಕಂಡುಕೊಂಡವರೂ ಇದ್ದರು. ಮೌಲಾ ಬಕ್ಷರ ಮಗಳ ಮಗ ಇನಾಯತ್ ಖಾನ್ 1882ರಲ್ಲಿ ಬಡೋದೆಯಲ್ಲಿ ಹುಟ್ಟಿ, ತಾತನ ಶಾಲೆಯಲ್ಲೇ ಕಲಿತು ಕಲಿಸಿದ ವೀಣಾವಾದಕರು. ಹೈದರಾಬಾದಿನಲ್ಲಿ ಸೂಫಿ ಗುರುವಿನ ಶಿಷ್ಯರಾಗಿ, 1910ರಲ್ಲಿ ಪಶ್ಚಿಮ ದೇಶಗಳಿಗೆ ಹೊರಟರು. ಮುಂದೆ ಕಛೇರಿಯನ್ನೇ ಕೈಬಿಟ್ಟು ಬೋಧನೆಯಲ್ಲಿ ನಿಂತರು. ಅವರ ದೃಷ್ಟಿಯಲ್ಲಿ ನಾದ ಪರಮಸತ್ಯದ ಕಡೆಗೆ ಒಯ್ಯುವ ದಾರಿ. ವಾದ್ಯ ಆ ದಾರಿಯ ಒಂದು ಘಟ್ಟ. ತಾತ ಸಂಗೀತವನ್ನು ಎಲ್ಲರೂ ಓದಬಲ್ಲ ಅಕ್ಷರಕ್ಕೆ ಇಳಿಸಿದರು, ಮೊಮ್ಮಗ ಅಕ್ಷರಕ್ಕೆ ನಿಲುಕದ್ದರ ಕಡೆಗೆ ತಿರುಗಿದರು. ಮುಂದೆ ಈ ವಿಷಯದಲ್ಲಿ ನಡೆದ ಚರ್ಚೆಯೆಲ್ಲ ಇವೆರಡರ ನಡುವೆಯೇ ಓಡಾಡಿದೆ.

ಮೊದಲ ಅಖಿಲ ಭಾರತ ಸಂಗೀತ ಸಮ್ಮೇಳನ 1916ರಲ್ಲಿ ಬಡೋದೆಯಲ್ಲಿಯೇ ನಡೆಯಿತು. ಅದನ್ನು ಸಂಘಟಿಸಿದ ವಿಷ್ಣು ನಾರಾಯಣ ಭಾತಖಂಡೆ ರಾಗಗಳ ವರ್ಗೀಕರಣಕ್ಕೂ ಬಂದಿಷ್‌ಗಳ ಲಿಪೀಕರಣಕ್ಕೂ ಬದುಕನ್ನೇ ಮುಡಿಪಿಟ್ಟವರು. ಸಂಗೀತಕ್ಕೆ ಪಠ್ಯಕ್ರಮ ಬೇಕೆಂದು ಅವರಷ್ಟು ಗಟ್ಟಿಯಾಗಿ ವಾದಿಸಿದವರು ವಿರಳ. ಆದರೂ ತಮ್ಮ ಮೆಚ್ಚಿನ ಶಿಷ್ಯ ಶ್ರೀಕೃಷ್ಣ ರಾತಂಜನಕರರ ಗಾಯನ ಪಕ್ವವಾಗಬೇಕೆಂದು ಅವರು ಕಳುಹಿಸಿದ್ದು ಬಡೋದೆಯ ಆಸ್ಥಾನ ಗಾಯಕ, ಆಗ್ರಾ ಘರಾನೆಯ ಉಸ್ತಾದ್ ಫೈಯಾಜ್ ಖಾನರ ಬಳಿಗೆ. ರಾಗದ ಲಕ್ಷಣವನ್ನು ಪುಸ್ತಕ ಹೇಳಿಕೊಡುತ್ತದೆ. ನೋಮ್-ತೋಮ್ ಆಲಾಪದಲ್ಲಿ ಆ ಲಕ್ಷಣ ಹೇಗೆ ಜೀವ ತಳೆಯುತ್ತದೆ ಎಂಬುದನ್ನು ಹಾಡುವವರ ಎದುರು ಕುಳಿತೇ ಹಿಡಿಯಬೇಕು. ಪಠ್ಯಕ್ರಮದ ಶಿಲ್ಪಿಯೇ ಇದನ್ನು ಒಪ್ಪಿದಂತಾಯಿತು. ಭಾತಖಂಡೆ 1926ರಲ್ಲಿ ಲಖನೌದಲ್ಲಿ ಸ್ಥಾಪಿಸಿದ ಮ್ಯಾರಿಸ್ ಕಾಲೇಜಿಗೆ ರಾತಂಜನಕರ ಮುಂದೆ ಪ್ರಾಂಶುಪಾಲರಾದರು. ಬೆಳಗಾವಿ ಜಿಲ್ಲೆಯ ಬೈಲಹೊಂಗಲದಲ್ಲಿ ಹುಟ್ಟಿದ ಕೆ. ಜಿ. ಗಿಂಡೆ ಬಾಲ್ಯದಲ್ಲೇ ಅಲ್ಲಿಗೆ ಹೋಗಿ, ಪ್ರಾಂಶುಪಾಲರ ಮನೆಯಲ್ಲಿದ್ದುಕೊಂಡೇ ಕಲಿತರು. ಕಾಲೇಜು ಗುರುಕುಲವನ್ನು ಅಳಿಸಲಿಲ್ಲ. ಅದಕ್ಕೂ ತನ್ನ ಮಗ್ಗುಲಲ್ಲೇ ಜಾಗ ಕೊಟ್ಟಿತು.

ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯ 1949ರಲ್ಲಿ ಹಂಸಾ ಮೆಹ್ತಾ ಅವರ ಕುಲಪತಿತ್ವದಲ್ಲಿ ಆರಂಭವಾದಾಗ ವಡೋದರದ ಸಂಗೀತ ಶಾಲೆ ಅದರ ಅಂಗವಾಯಿತು. ಹಾಡು, ವಾದ್ಯ, ನೃತ್ಯ, ನಾಟಕಗಳು ಪದವಿಯ ವಿಷಯಗಳಾದವು. ಮರುವರ್ಷ, ವಡೋದರ ಮತ್ತು ಸೂರತ್‌ಗಳ ನಡುವಿನ ಭರೂಚಿನಲ್ಲಿ ಬೆಳೆದ ಓಂಕಾರನಾಥ ಠಾಕೂರ್ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಸಂಗೀತ ಶಿಕ್ಷಣದ ಹೊಣೆ ಹೊತ್ತರು. ವಿಷ್ಣು ದಿಗಂಬರ ಪಲುಸ್ಕರರ ಶಿಷ್ಯರಾದ ಅವರಿಗೆ ಸಂಗೀತ ಭಕ್ತಿಯೂ ಹೌದು, ಶಾಸ್ತ್ರವೂ ಹೌದು. ನಾದೋಪಾಸನೆಯನ್ನು ನಂಬಿದವರು ವಿಶ್ವವಿದ್ಯಾಲಯವನ್ನು ದೂರವಿಟ್ಟರೆಂಬ ಮಾತು ಇವರ ಮಟ್ಟಿಗೆ ನಿಲ್ಲುವುದಿಲ್ಲ.

ಜಾಜ್ ನಡೆದು ಬಂದ ದಾರಿಯೂ ಇದಕ್ಕೆ ದೂರದ್ದಲ್ಲ. ಚಾರ್ಲಿ ಪಾರ್ಕರ್ ಹದಿಹರೆಯದಲ್ಲಿ ಲೆಸ್ಟರ್ ಯಂಗ್‌ರ ಧ್ವನಿಮುದ್ರಿಕೆಗಳನ್ನು ಮತ್ತೆ ಮತ್ತೆ ಕೇಳಿ, ಅವರ ಸೋಲೊಗಳನ್ನು ಸ್ವರ ಬಿಡದೆ ಬಾಯಿಪಾಠ ಮಾಡಿದರು. ಉಸ್ತಾದರ ಮುಂದೆ ಕೂರುವ ಭಾಗ್ಯವನ್ನು ಅಲ್ಲಿ ಧ್ವನಿಮುದ್ರಿಕೆ ಒದಗಿಸಿತು. ರಾತ್ರಿಯ ಜ್ಯಾಮ್ ಸೆಷನ್‌ಗಳು ಪರೀಕ್ಷೆಯ ಕೊಠಡಿಗಳಾದವು. ಬಾಸ್ಟನ್ನಿನಲ್ಲಿ 1945ರಲ್ಲಿ ಶುರುವಾದ ಶಾಲೆಯೊಂದು ಮುಂದೆ ಬರ್ಕ್ಲಿ ಎಂದು ಹೆಸರಾಯಿತು. ಟೆಕ್ಸಾಸಿನ ಡೆಂಟನ್‌ನಲ್ಲಿ 1947ರಲ್ಲಿ ಜಾಜ್‌ಗೆ ಪದವಿ ವ್ಯಾಸಂಗ ಬಂದಾಗ ಅದಕ್ಕಿಟ್ಟ ಹೆಸರು ‘ಡ್ಯಾನ್ಸ್ ಬ್ಯಾಂಡ್’. ವಿಶ್ವವಿದ್ಯಾಲಯದ ಮರ್ಯಾದೆಗೆ ಜಾಜ್ ತಕ್ಕುದಲ್ಲ ಎಂಬ ಭಾವನೆ ಆಗ ಬಲವಾಗಿತ್ತು. ಈಗಿನ ಆಕ್ಷೇಪ ಬೇರೆ: ಒಂದೇ ಸ್ಕೇಲುಗಳನ್ನು, ಒಂದೇ ವರಸೆಗಳನ್ನು ಕಲಿತು ಬಂದ ಪದವೀಧರರು ಒಬ್ಬರಂತೆ ಒಬ್ಬರು ನುಡಿಸುತ್ತಾರೆ ಎಂಬುದು. ಬರ್ಕ್ಲಿಯಲ್ಲಿ ಕಲಿಸುತ್ತಿದ್ದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ತಮ್ಮ ಕಲಿಕೆ ಮುಗಿಯಿತೆಂದು ಕೂರದೆ ನಾಗಸ್ವರಕ್ಕೆ ಶಿಷ್ಯರಾದರು. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್‌ನ ಟಿ. ಎ. ಎಸ್. ಮಣಿ, ಆರ್. ಎ. ರಮಾಮಣಿ ಅವರ ಜೊತೆ ಸೇರಿ 1983ರಲ್ಲಿ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆಯನ್ನು ಹೊರತಂದರು.

ಪ್ರತಿಭೆ ಹುಟ್ಟಿನಿಂದಲೋ ಓದಿನಿಂದಲೋ ಎಂಬ ವಾದವನ್ನು ಭಾರತೀಯ ಕಾವ್ಯಮೀಮಾಂಸೆ ಸಂಗೀತ ಕಾಲೇಜುಗಳಿಗಿಂತ ಸಾವಿರ ವರ್ಷಕ್ಕೂ ಹಿಂದೆಯೇ ಎತ್ತಿಕೊಂಡಿತ್ತು. ದಂಡಿ ‘ಕಾವ್ಯಾದರ್ಶ’ದಲ್ಲಿ ಸಹಜ ಪ್ರತಿಭೆ, ವಿಸ್ತಾರವೂ ನಿರ್ಮಲವೂ ಆದ ಓದು, ಬಿಡದ ಅಭ್ಯಾಸ ಎಂಬ ಮೂರನ್ನು ಕಾವ್ಯಸಂಪತ್ತಿಗೆ ಕಾರಣವೆನ್ನುತ್ತಾನೆ. ಅಲ್ಲಿಗೇ ನಿಲ್ಲದೆ, ಪೂರ್ವವಾಸನೆಯಿಂದ ಬರುವ ಪ್ರತಿಭೆ ಇಲ್ಲದವನಿಗೂ, ಓದಿನಿಂದ ಮತ್ತು ಯತ್ನದಿಂದ ಸೇವಿಸಿದರೆ ವಾಗ್ದೇವಿ ಅಷ್ಟಿಷ್ಟು ಅನುಗ್ರಹ ತೋರಿಯೇ ತೋರುತ್ತಾಳೆ ಎಂದು ಸೇರಿಸುತ್ತಾನೆ. ಇಲ್ಲಿ ಪರಿಶ್ರಮ ಮತ್ತು ಅನುಗ್ರಹ ಎದುರಾಳಿಗಳಲ್ಲ. ಪರಿಶ್ರಮವೇ ಸೇವೆ, ಅನುಗ್ರಹ ಅದರ ಪ್ರತಿಫಲ. ಇದೇ ದಂಡಿಯನ್ನು ಆಧರಿಸಿದ ‘ಕವಿರಾಜಮಾರ್ಗ’ ಓದದೆಯೂ ಕಾವ್ಯದಲ್ಲಿ ನುರಿತ ನಾಡವರನ್ನು ಹೊಗಳುತ್ತದೆ, ಹಾಗೆ ಹೊಗಳುತ್ತಲೇ ಕವಿಗಳಿಗೆ ಗುಣದೋಷಗಳ ಪಾಠವನ್ನೂ ಹೇಳುತ್ತದೆ. ಕಾಶ್ಮೀರದ ಮಮ್ಮಟ ಇನ್ನೂ ಬಿಗಿಯಾಗಿ, ಶಕ್ತಿ, ನಿಪುಣತೆ, ಅಭ್ಯಾಸಗಳು ಮೂರು ಕಾರಣಗಳಲ್ಲ, ಮೂರೂ ಕೂಡಿ ಒಂದೇ ಕಾರಣ ಎಂದ. ಹಾಗಾದರೆ ಮನೋಧರ್ಮದಲ್ಲಿ ಇಷ್ಟು ಪಾಲು ಕಲಿತದ್ದು, ಇಷ್ಟು ಪಾಲು ಹುಟ್ಟಿನದು ಎಂದು ಬಿಡಿಸಿ ಅಳೆಯುವ ಪ್ರಯತ್ನವೇ ಸಲ್ಲದು.

ಹದಿಮೂರನೆಯ ಶತಮಾನದ ಶಾರ್ಙ್ಗದೇವ ‘ಸಂಗೀತರತ್ನಾಕರ’ದಲ್ಲಿ ಗಾಯಕರನ್ನು ಐದು ಬಗೆಯಾಗಿ ಎಣಿಸುತ್ತಾನೆ: ಕಲಿಸಬಲ್ಲ ಶಿಕ್ಷಾಕಾರ, ಅನುಕರಿಸುವ ಅನುಕಾರ, ರಸದಲ್ಲಿ ಮುಳುಗುವ ರಸಿಕ, ಕೇಳುವವರನ್ನು ರಂಜಿಸುವ ರಂಜಕ, ಹಾಡಿಗೆ ಅತಿಶಯ ತರುವ ಭಾವಕ. ಸಂಗೀತ ಕಾಲೇಜುಗಳು ಕಛೇರಿ ವಿದ್ವಾಂಸರಿಗಿಂತ ಅಧ್ಯಾಪಕರನ್ನೂ ಸಂಶೋಧಕರನ್ನೂ ಹೆಚ್ಚು ತಯಾರಿಸಿದವು ಎಂಬ ದೂರಿಗೆ ಈ ಪಟ್ಟಿಯಲ್ಲಿ ಉತ್ತರವಿದೆ. ಕಲಿಸುವುದು ಹಾಡುವುದಕ್ಕಿಂತ ಕೆಳಗಿನ ಮೆಟ್ಟಿಲಲ್ಲ, ಅದು ಬೇರೆಯೇ ಸಾಮರ್ಥ್ಯ. ವಡೋದರದ ಸಂಗೀತ ಕಾಲೇಜಿನ ಪ್ರಾಂಶುಪಾಲರಾಗಿದ್ದ, 2009ರಲ್ಲಿ ಪದ್ಮಭೂಷಣ ಪಡೆದ ಆರ್. ಸಿ. ಮೆಹ್ತಾ ಅವರ ಸಂಗೀತಶಾಸ್ತ್ರದ ಕೆಲಸ ಈ ಸಾಮರ್ಥ್ಯಕ್ಕೆ ನಿದರ್ಶನ.

ಪರೀಕ್ಷೆಯ ತೊಡಕು ಇದರಿಂದ ಪೂರ್ತಿ ಬಗೆಹರಿಯುವುದಿಲ್ಲ. ರಾಗಶುದ್ಧಿ, ಶ್ರುತಿ, ಸಮಕ್ಕೆ ಬಂದು ಸೇರುವ ನೇರ್ಪು, ಜಾಜ್‌ನಲ್ಲಾದರೆ ಕಾರ್ಡ್ ಬದಲಾವಣೆಯ ಅರಿವು, ಲಯ, ಜೊತೆಗಾರರಿಗೆ ಕೊಡುವ ಉತ್ತರ ಇವಕ್ಕೆ ಅಂಕ ಹಾಕಬಹುದು. ಹೊಸತನಕ್ಕೆ ಅಂಕ ಇಟ್ಟ ಕೂಡಲೇ ವಿದ್ಯಾರ್ಥಿ ಹೊಸತನವನ್ನೂ ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಬರುತ್ತಾನೆ. ಪರೀಕ್ಷಕ ಅಳೆಯಬಲ್ಲದ್ದು ಮನೋಧರ್ಮ ಹರಿಯಲು ಬೇಕಾದ ಸಿದ್ಧತೆಯನ್ನು. ಪದವಿಪತ್ರ ಸಾಕ್ಷಿ ಹೇಳುವುದೂ ಅದಕ್ಕೆ ಮಾತ್ರ.

ಸ್ಥಳದಲ್ಲೇ ನುಡಿಸಿದ್ದೆಲ್ಲ ಸ್ವತಂತ್ರವೇ ಎಂಬ ಇನ್ನೂ ಆಳದ ಸಂದೇಹ ಅಹಮದಾಬಾದಿನ ಮೂಲಕ ಹಾದುಹೋಗುತ್ತದೆ. ಅಲ್ಲಿನ ಸಾರಾಭಾಯಿ ಮನೆತನದ ಗೀತಾ ಸಾರಾಭಾಯಿ 1946ರಲ್ಲಿ ನ್ಯೂಯಾರ್ಕಿಗೆ ಹೋಗಿ ಸಂಗೀತ ಸಂಯೋಜಕ ಜಾನ್ ಕೇಜ್‌ರಿಂದ ಪಶ್ಚಿಮದ ಸಂಗೀತ ಕಲಿತು, ಪ್ರತಿಯಾಗಿ ಭಾರತೀಯ ಸಂಗೀತವನ್ನು ಕಲಿಸಿದರು. ಸಂಗೀತದ ಉದ್ದೇಶವೇನೆಂದು ಕೇಜ್ ಕೇಳಿದಾಗ, ಮನಸ್ಸನ್ನು ತಿಳಿಗೊಳಿಸಿ ದೈವೀ ಪ್ರಭಾವಕ್ಕೆ ತೆರೆಯುವುದು ಎಂಬ ತಮ್ಮ ಗುರುವಿನ ಮಾತನ್ನು ತಿಳಿಸಿದರು. ಕೇಜ್‌ರ ಚಿಂತನೆಗೆ ಅದು ಆಧಾರವಾಯಿತು. ಅವರು ಜಾಜ್‌ನ ಮನೋಧರ್ಮವನ್ನು ಬಹುಕಾಲ ಅನುಮಾನಿಸಿದರು: ವಾದಕ ಸ್ವತಂತ್ರನೆಂದುಕೊಂಡು ತನ್ನ ರುಚಿಯನ್ನೂ ನೆನಪನ್ನೂ ಮತ್ತೆ ನುಡಿಸುತ್ತಾನೆ ಎಂಬುದು ಅವರ ಆಕ್ಷೇಪ. ಭಾರತೀಯ ಪರಿಭಾಷೆಯಲ್ಲಿ ಇದು ವಾಸನೆಗಳ ಬಂಧ. ಆದರೆ ವಾಸನೆಯನ್ನು ಗುರುತಿಸುವುದೂ ಅಭ್ಯಾಸದಿಂದಲೇ. ತನ್ನ ಧ್ವನಿಮುದ್ರಣವನ್ನು ತಾನೇ ಕೇಳುವುದು, ನುಡಿಸಿದ್ದನ್ನು ಬರೆದು ಬಿಡಿಸಿ ನೋಡುವುದು, ಬೇರೆ ಬಾನಿಯವರ ಜೊತೆ ನುಡಿಸುವುದು ಇವು ಉನ್ನತ ವ್ಯಾಸಂಗದ ನಿತ್ಯದ ಕೆಲಸಗಳು. ಕೈಗೆ ರೂಢಿಯಾದ ಓಟ ಯಾವುದು, ಕಿವಿ ಆಗ ತಾನೇ ಕಂಡುಕೊಂಡದ್ದು ಯಾವುದು ಎಂಬ ವಿವೇಕವನ್ನು ಅವು ಬೆಳೆಸುತ್ತವೆ. ಆ ವಿವೇಕವಿಲ್ಲದ ಸ್ವಾತಂತ್ರ್ಯ ಹೆಸರಿಗಷ್ಟೇ.

ಇಷ್ಟಾದ ಮೇಲೂ ಉಳಿಯುವ ಧಾರ್ಮಿಕ ಪ್ರಶ್ನೆಗೆ ಛಾಂದೋಗ್ಯ ಉಪನಿಷತ್ತಿನ ಏಳನೆಯ ಅಧ್ಯಾಯ ನೆರವಾಗುತ್ತದೆ. ಸನತ್ಕುಮಾರನ ಬಳಿಗೆ ಬಂದ ನಾರದ ತಾನು ಕಲಿತ ವಿದ್ಯೆಗಳ ಪಟ್ಟಿ ಒಪ್ಪಿಸುತ್ತಾನೆ. ಅದರಲ್ಲಿನ ದೇವಜನವಿದ್ಯೆಗೆ ಶಂಕರರು ನೃತ್ಯ, ಗೀತ, ವಾದ್ಯಗಳನ್ನೂ ಸೇರಿಸಿ ಅರ್ಥ ಹೇಳುತ್ತಾರೆ. ಇಷ್ಟೆಲ್ಲ ಓದಿಯೂ ನಾರದನಿಗೆ ಆತ್ಮಜ್ಞಾನವಿಲ್ಲ, ಶೋಕ ತೀರಿಲ್ಲ. ಸನತ್ಕುಮಾರ ಆ ವಿದ್ಯೆಗಳನ್ನು ತಳ್ಳಿಹಾಕುವುದಿಲ್ಲ. ಅವೆಲ್ಲ ನಾಮ, ಆ ನಾಮವನ್ನೇ ಉಪಾಸಿಸು ಎಂದು ಅಲ್ಲಿಂದಲೇ ಮೇಲಕ್ಕೆ ಕರೆದೊಯ್ಯುತ್ತಾನೆ. ಕಲಿತ ವಿದ್ಯೆಯಿಂದಲೇ ಮೇಲೇರುವ ಈ ದಾರಿ ಜಾಜ್‌ನಲ್ಲೂ ಕಾಣುತ್ತದೆ. ಜಾಜ್ ವಾದಕ ಜಾನ್ ಕೋಲ್ಟ್ರೇನ್ ಫಿಲಡೆಲ್ಫಿಯಾದ ಸಂಗೀತ ಶಾಲೆಯಲ್ಲಿ ಶಾಸ್ತ್ರ ಕಲಿತವರು. 1964ರಲ್ಲಿ ಧ್ವನಿಮುದ್ರಿಸಿದ ‘ಎ ಲವ್ ಸುಪ್ರೀಮ್’ ಅನ್ನು ಅವರು ದೇವರಿಗೆ ಅರ್ಪಿಸಿದರು. ಅರ್ಪಿಸುವ ಮನಸ್ಸನ್ನು ಯಾವ ಶಾಲೆಯೂ ಕೊಡುವುದಿಲ್ಲ, ಅರ್ಪಿಸಲು ಕೈಯಲ್ಲಿರಬೇಕಾದ ವಿದ್ಯೆಯನ್ನು ಕೊಡಬಲ್ಲದು. ವಿಶ್ವವಿದ್ಯಾಲಯದ ಕೆಲಸ ಅಷ್ಟು. ಅದು ಅಷ್ಟನ್ನು ಸರಿಯಾಗಿ ಮಾಡಿದರೆ ಉಪಾಸನೆಗೆ ಅಡ್ಡಿಯಾಗುವುದಿಲ್ಲ, ಅಷ್ಟಕ್ಕೇ ಎಲ್ಲ ಮುಗಿಯಿತೆಂದರೆ ಮಾತ್ರ ಅಡ್ಡಿಯಾಗುತ್ತದೆ.